60 ರೂಪಾಯಿಯ ಉಪಸಂಹಾರ ನೋಟ್ಸ್: ಮೊದಲ 16 ಪುಟಕ್ಕೆ ದುಡ್ಡು ಕೊಡಬಹುದು

ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಕ್ಲಾಸುಗಳಿಗಿಂತ ಝೆರಾಕ್ಸ್ ಅಂಗಡಿಗಳೇ ಹೆಚ್ಚೇನೋ ಅನ್ನಿಸುತ್ತದೆ. ಅಂಥ ಅಂಗಡಿಗಳ ಕೌಂಟರಿನ ಮೇಲೆ ಸಿಗುವ ಒಂದು ಸ್ಪೈರಲ್ ಪುಸ್ತಿಕೆಯ ಬಗ್ಗೆ ಈ ಬರಹ. ವಿಷಯ ಒಂದೇ: ಪ್ರಬಂಧದ ಉಪಸಂಹಾರ. 48 ಪುಟ, 60 ರೂಪಾಯಿ, ಬರೆದವರ ಹೆಸರಿಲ್ಲ. ಹಿಂದಿನ ರಟ್ಟಿಗೆ ಒಂದು ಚೀಟಿ ಪಿನ್ ಮಾಡಿದ್ದಾರೆ. ಅದನ್ನು ತೋರಿಸಿದರೆ ಒಂದು ಪ್ರಬಂಧ ಉಚಿತವಾಗಿ ತಿದ್ದಿಕೊಡುತ್ತಾರಂತೆ. ಪೀಠಿಕೆಯ ಮೇಲೆ ನೋಟ್ಸ್ ಬುಟ್ಟಿಗಟ್ಟಲೆ ಸಿಗುತ್ತವೆ, ಉಪಸಂಹಾರಕ್ಕೆಂದೇ ಕೂತು ಬರೆದದ್ದು ಅಪರೂಪ. ಹಾಗಾಗಿ ಕೈಗೆತ್ತಿಕೊಳ್ಳಲು ಕಾರಣವಿದೆ.

ಮೊದಲ 16 ಪುಟ ನಿಜವಾಗಿಯೂ ಕೆಲಸಕ್ಕೆ ಬರುತ್ತವೆ. ಅಳತೆಯಿಂದಲೇ ಶುರು ಮಾಡುತ್ತಾರೆ: ಒಟ್ಟು ಬರಹದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ. 1000 ಪದದ ಪ್ರಬಂಧಕ್ಕೆ 80ರಿಂದ 100 ಪದ, 2500 ಪದದ ಸೆಮಿನಾರ್ ಪೇಪರಿಗೆ 200ರಿಂದ 250. ಕೈಬರಹದಲ್ಲಿ ಸಾಲಿಗೆ 7 ಪದ ಹಿಡಿದರೆ 100 ಪದ ಅಂದರೆ 14 ಸಾಲು. ಉತ್ತರ ಪತ್ರಿಕೆಯಲ್ಲಿ ಅಷ್ಟು ಸಾಲು ಮೊದಲೇ ಪೆನ್ಸಿಲಿನಿಂದ ಗುರುತು ಹಾಕಿಟ್ಟುಕೊಳ್ಳಿ ಎನ್ನುವ ಸಲಹೆ ಚೆನ್ನಾಗಿದೆ. ಜಾಗ ಉಳಿಯದೆ ಎರಡು ಸಾಲಿನಲ್ಲಿ ಮುಗಿಸುವುದು ಅರ್ಧ ಜನರ ತಪ್ಪು.

ಸಮಯದ ಲೆಕ್ಕ ಮಾತ್ರ ಸರಿಯಿಲ್ಲ. ಐದು ನಿಮಿಷ ಸಾಕು ಅನ್ನುತ್ತದೆ ಪುಸ್ತಿಕೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಮೂರು ತಾಸಿಗೆ ಎರಡು ಪ್ರಬಂಧ, ಒಂದೊಂದು 1000ದಿಂದ 1200 ಪದ, ಅಂದರೆ ಒಂದಕ್ಕೆ 90 ನಿಮಿಷ. 100 ಪದ ಕೈಯಿಂದ ಬರೆಯುವುದಕ್ಕೇ ಐದಾರು ನಿಮಿಷ ಹೋಗುತ್ತದೆ. ಬರೆಯುವ ಮುಂಚೆ ಪೀಠಿಕೆಯನ್ನೂ ಪ್ರತಿ ಪ್ಯಾರಾದ ಮೊದಲ ಸಾಲನ್ನೂ ತಿರುಗಿ ನೋಡದಿದ್ದರೆ ಉಪಸಂಹಾರ ಬೇರೆ ಯಾವುದೋ ಪ್ರಬಂಧದ್ದಾಗಿಬಿಡುತ್ತದೆ. 10 ನಿಮಿಷ ಎತ್ತಿಡಿ.

11ನೇ ಪುಟದ ವಿಧಾನ ಈ ಪುಸ್ತಿಕೆಯ ಜೀವ. ಒಳಗಿನ ಪ್ರತಿ ಪ್ಯಾರಾದ ಪಕ್ಕ, ಮಾರ್ಜಿನ್ನಿನಲ್ಲಿ, ಅದು ಸಾಧಿಸಿದ್ದನ್ನು ಒಂದೇ ವಾಕ್ಯದಲ್ಲಿ ಪೆನ್ಸಿಲಿನಿಂದ ಬರೆಯಿರಿ. ಆಮೇಲೆ ಆ ವಾಕ್ಯಗಳನ್ನು ‘ಆದ್ದರಿಂದ’, ‘ಆದರೂ’ ಇವುಗಳಿಂದ ಜೋಡಿಸಿ ನೋಡಿ. ಕೂಡಿಕೊಂಡರೆ ಉಪಸಂಹಾರದ ಎಲುಬು ಸಿಕ್ಕಿತು. ‘ಮತ್ತು’, ‘ಅಲ್ಲದೆ’, ‘ಇದರ ಜೊತೆಗೆ’ ಬಿಟ್ಟರೆ ಬೇರೇನೂ ಒಗ್ಗುತ್ತಿಲ್ಲವೆಂದರೆ ನಿಮ್ಮ ಬಳಿ ವಾದವಿಲ್ಲ, ಯಾದಿ ಇದೆ. ಆಗ ತಿದ್ದಬೇಕಾದದ್ದು ಒಳಗಿನ ಪ್ಯಾರಾಗಳನ್ನು. ಇಷ್ಟು ನೇರವಾಗಿ ಇದನ್ನು ಹೇಳಿದ ನೋಟ್ಸ್ ಕಡಿಮೆ.

ಇಂಥದ್ದನ್ನು ಬರೆದ ಕೈಯೇ 17ನೇ ಪುಟದಿಂದಾಚೆಗೆ ‘40 ಸಿದ್ಧ ಉಪಸಂಹಾರಗಳು’ ಅಂತ ಕೊಟ್ಟಿದೆ ಅಂದರೆ ನಂಬುವುದು ಕಷ್ಟ. ಒಂದನ್ನು ಬಿಚ್ಚಿ ನೋಡೋಣ. ಪ್ರಶ್ನೆ: ಸಹಕಾರ ಸಂಘಗಳು ರೈತನನ್ನು ಸಾಹುಕಾರನ ಸಾಲದಿಂದ ಬಿಡಿಸಿದವೇ? ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತಲ್ಲ, ನಮ್ಮ ಭಾಗದ ವಿದ್ಯಾರ್ಥಿಗೆ ಅಂಗಳದಲ್ಲೇ ಇರುವ ವಿಷಯ. ಪುಸ್ತಿಕೆಯ ಉಪಸಂಹಾರ ಹೀಗಿದೆ:

“ಒಟ್ಟಾರೆಯಾಗಿ ಹೇಳುವುದಾದರೆ, ಸಹಕಾರ ಕ್ಷೇತ್ರವು ಗ್ರಾಮೀಣಾಭಿವೃದ್ಧಿಯ ಬೆನ್ನೆಲುಬಾಗಿದೆ. ಸರ್ಕಾರ, ಸಂಘ-ಸಂಸ್ಥೆಗಳು ಹಾಗೂ ಸಾರ್ವಜನಿಕರು ಕೈಜೋಡಿಸಬೇಕಾಗಿದೆ. ಯುವಕರು ಮುಂದೆ ಬರಬೇಕು. ಹನಿ ಹನಿ ಕೂಡಿದರೆ ಹಳ್ಳ ಎಂಬಂತೆ ಎಲ್ಲರೂ ಶ್ರಮಿಸಿದರೆ ಭವ್ಯ ಭಾರತ ನಿರ್ಮಾಣವಾಗುವುದರಲ್ಲಿ ಸಂಶಯವಿಲ್ಲ.”

‘ಸಹಕಾರ ಕ್ಷೇತ್ರ’ ತೆಗೆದು ‘ಹೈನುಗಾರಿಕೆ’ ಹಾಕಿ. ‘ಪ್ರವಾಸೋದ್ಯಮ’ ಹಾಕಿ. ಒಂದಕ್ಷರ ಅಲುಗಾಡುವುದಿಲ್ಲ. ಪ್ರಶ್ನೆ ‘ಬಿಡಿಸಿದವೇ?’ ಅಂತ ಕೇಳಿತ್ತು. ಹೌದೋ ಅಲ್ಲವೋ, ಎಷ್ಟರಮಟ್ಟಿಗೋ, ಉತ್ತರ ಎಲ್ಲೂ ಇಲ್ಲ. ಅದೇ ಮಾದರಿ ಪ್ರಬಂಧದ ಒಳಗಡೆ ಮೂರು ಒಳ್ಳೆಯ ಅಂಶಗಳಿದ್ದವು: ಸಾಲಕ್ಕೆ ಪಹಣಿ ಬೇಕಾದದ್ದು, ಸದಸ್ಯರ ಪರಸ್ಪರ ಪರಿಚಯದಿಂದ ವಸೂಲಿ ಹಗುರಾದದ್ದು, ಆಡಳಿತ ಕೆಲವೇ ಮನೆಗಳ ಕೈಯಲ್ಲಿ ಉಳಿಯುವ ಅಪಾಯ. ಮೂರರಲ್ಲಿ ಒಂದೂ ಕೊನೆಯ ತನಕ ಬರಲಿಲ್ಲ. ಅವರದೇ 11ನೇ ಪುಟದ ವಿಧಾನ ಹಚ್ಚಿದ್ದರೆ ಹೀಗೆ ಬರೆಯಬಹುದಿತ್ತು:

“ಹೆಸರಿನಲ್ಲಿ ಹೊಲವಿದ್ದ ರೈತನ ಮಟ್ಟಿಗೆ ಸಂಘವು ಸಾಹುಕಾರನ ಹಿಡಿತವನ್ನು ಸಡಿಲಿಸಿತು, ಪಹಣಿಯಲ್ಲಿ ಹೆಸರಿಲ್ಲದವನು ಹೊರಗೇ ಉಳಿದ. ಒಬ್ಬರನ್ನೊಬ್ಬರು ಬಲ್ಲವರ ನಡುವೆ ವಸೂಲಿ ಸುಲಭವಾದಂತೆ, ಅದೇ ಪರಿಚಯ ಆಡಳಿತವನ್ನು ಕೆಲವರ ಕೈಗೆ ಒಪ್ಪಿಸಲೂಬಲ್ಲದು. ಆದ್ದರಿಂದ ಸಂಘದ ಯಶಸ್ಸನ್ನು ವಸೂಲಾದ ಮೊತ್ತಕ್ಕಿಂತ, ಹೊಲವಿಲ್ಲದವರಿಗೆ ಸಿಕ್ಕ ಸಾಲದಿಂದ ಅಳೆಯುವುದು ಹೆಚ್ಚು ನ್ಯಾಯ.”

ಮೂರೇ ವಾಕ್ಯ. ಮೊದಲನೆಯದು ಪ್ರಶ್ನೆಗೆ ಉತ್ತರ, ಅದರ ಮಿತಿಯ ಸಮೇತ. ಎರಡನೆಯದು ಒಳಗಿನ ಎರಡು ಅಂಶಗಳನ್ನು ಒಂದಕ್ಕೊಂದು ಕಟ್ಟುತ್ತದೆ. ಮೂರನೆಯದು ‘ಇಷ್ಟಾದ ಮೇಲೆ ಏನು?’ ಎನ್ನುವುದಕ್ಕೆ. ಹೊಸ ಅಂಕಿ ಇಲ್ಲ, ಗಾದೆ ಇಲ್ಲ, ‘ಒಟ್ಟಾರೆಯಾಗಿ’ ಇಲ್ಲ. ಕೊನೆಯ ಪ್ಯಾರಾ ಅಂತ ಓದುವವರಿಗೆ ಕಣ್ಣಿಗೇ ಕಾಣುತ್ತದೆ, ಡಂಗುರ ಸಾರುವುದು ಯಾಕೆ?

ಕನ್ನಡದ ಉಪಸಂಹಾರಕ್ಕೆ ಅಂಟಿದ ಒಂದು ರೋಗವನ್ನು ಪುಸ್ತಿಕೆ ಗುರುತಿಸಿಯೇ ಇಲ್ಲ, ಯಾಕೆಂದರೆ ಅದಕ್ಕೇ ಆ ರೋಗವಿದೆ: ‘ಬೇಕು’. ಆ 40 ಮಾದರಿಗಳಲ್ಲಿ ‘ಬೇಕು’, ‘ಬೇಕಾಗಿದೆ’, ‘ಅಗತ್ಯವಿದೆ’, ‘ಅನಿವಾರ್ಯ’ ಇಲ್ಲದ್ದು ಒಂದೂ ಸಿಗಲಿಲ್ಲ. ವಿಶ್ಲೇಷಣೆ ಮಾಡುತ್ತಿದ್ದವರು ಕೊನೆಗೆ ಬರುತ್ತಲೇ ಸಭೆಯ ಅಧ್ಯಕ್ಷರಾಗಿ ಉಪದೇಶಕ್ಕೆ ನಿಲ್ಲುತ್ತಾರೆ. ಕರಡಿನಲ್ಲಿ ಈ ಪದಗಳಿಗೆಲ್ಲ ಅಡಿಗೆರೆ ಎಳೆಯಿರಿ. ಒಂದಕ್ಕಿಂತ ಹೆಚ್ಚಿದ್ದರೆ ಕಿತ್ತುಹಾಕಿ. ಉಳಿಸಿಕೊಂಡದ್ದಕ್ಕೆ ಯಾರು, ಏನನ್ನು ಎಂಬ ಕರ್ತೃ, ಕರ್ಮ ಇದೆಯೇ ನೋಡಿ. ‘ಕ್ರಮ ಕೈಗೊಳ್ಳಬೇಕಾಗಿದೆ’ಯಲ್ಲಿ ಯಾರು ಎಂಬುದೂ ಇಲ್ಲ, ಯಾವ ಕ್ರಮ ಎಂಬುದೂ ಇಲ್ಲ.

ಇನ್ನೊಂದು ಸಲಹೆ ತೀರಾ ಅಪಾಯದ್ದು: “ಕೊನೆಯಲ್ಲಿ ಒಂದು ಹೊಸ ಅಂಕಿ-ಅಂಶ ಕೊಟ್ಟು ಪರೀಕ್ಷಕರನ್ನು ಬೆರಗುಗೊಳಿಸಿ.” ಬೆರಗಾಗುವುದಿಲ್ಲ, ಸಿಟ್ಟಾಗುತ್ತಾರೆ. ಕೊನೆಯಲ್ಲಿ ಬಂದ ಸಾಕ್ಷ್ಯವನ್ನು ಚರ್ಚಿಸಲು ಜಾಗವಿರುವುದಿಲ್ಲ. ಅಷ್ಟು ಗಟ್ಟಿ ಅಂಕಿಯಿದ್ದರೆ ಅದು ಒಳಗಡೆ ಇರಬೇಕಿತ್ತು. ವಚನದ ಸಾಲುಗಳಿಗೂ ಇದೇ ಮಾತು. ಪೀಠಿಕೆಯಲ್ಲಿ ಎತ್ತಿಕೊಂಡ ಸಾಲಿಗೆ ಕೊನೆಯಲ್ಲಿ ಹೊಸ ಅರ್ಥ ಹುಟ್ಟುತ್ತಿದ್ದರೆ ಮರಳಿ ತನ್ನಿ, ಮುಗಿಸಲು ದಾರಿ ತೋಚದೆ ತಂದ ವಚನ ಗೊತ್ತಾಗಿಬಿಡುತ್ತದೆ.

ಇಂಗ್ಲಿಷ್ ಪ್ರಬಂಧಕ್ಕೆಂದು ಇಟ್ಟ ಕೊನೆಯ 8 ಪುಟ ಬರೀ ಪದಪುಂಜಗಳ ಪಟ್ಟಿ, ಬಿಟ್ಟುಬಿಡಿ.

ತಿದ್ದುವ ಚೀಟಿಯ ಮೇಲೆ ಆಸೆ ಇಟ್ಟುಕೊಳ್ಳಬೇಡಿ. ಕೊಟ್ಟ ಪ್ರಬಂಧ ನಾಲ್ಕು ದಿನಕ್ಕೆ ವಾಪಸ್ ಬಂತು. ಕೆಂಪು ಪೆನ್ನಿನ ಒಂದು ಟಿಕ್, ಕೆಳಗೆ “ಉಪಸಂಹಾರ ಇನ್ನಷ್ಟು ಪರಿಣಾಮಕಾರಿಯಾಗಿರಲಿ”. ಯಾವ ವಾಕ್ಯ ಕೆಟ್ಟಿದೆ, ಒಳಗಿನ ಯಾವ ಅಂಶ ಬಿಟ್ಟುಹೋಗಿದೆ, ಇವೆರಡನ್ನು ಹೇಳದ ತಿದ್ದುವಿಕೆ ತಿದ್ದುವಿಕೆಯೇ ಅಲ್ಲ. ಜೊತೆಗೆ ಓದುವ ಗೆಳೆಯನಿಗೆ ಪೀಠಿಕೆ, ಉಪಸಂಹಾರ ಎರಡನ್ನೇ ತೋರಿಸಿ, ನಡುವಿನದನ್ನು ಮುಚ್ಚಿಡಿ. ನಡುವೆ ಏನು ವಾದಿಸಿರಬಹುದೆಂದು ಅವನು ಹೇಳಲಾರದೆ ಹೋದರೆ ಎಲ್ಲಿ ಕೆಟ್ಟಿತೆಂದು ಅಲ್ಲೇ ತಿಳಿಯುತ್ತದೆ. ಒಂದು ಚಹಾದ ಖರ್ಚು.

ಮುದ್ರಣ ಝೆರಾಕ್ಸಿನ ಝೆರಾಕ್ಸು. 13ನೇ ಪುಟದ ಕೋಷ್ಟಕದಲ್ಲಿ ಎಡಗಡೆಯ ಕಾಲಂ ಮಾಸಿಹೋಗಿದೆ, ಪರಿವಿಡಿಯ ಪುಟಸಂಖ್ಯೆ ಎರಡು ಮುಂದೆ ಓಡುತ್ತದೆ. ಕೊಳ್ಳುವವರು ಅಂಗಡಿಯಲ್ಲೇ ನಿಂತು 13ನೇ ಪುಟ ತೆರೆದು ನೋಡಿ, ಓದಲು ಬರದಿದ್ದರೆ ಬೇರೆ ಪ್ರತಿ ಕೇಳಿ. ಯಾರಲ್ಲಾದರೂ ಪುಸ್ತಿಕೆ ಇದ್ದರೆ ಆ 16 ಪುಟ ಎರವಲು ಪಡೆದು ಓದಿದರೂ ನಡೆಯುತ್ತದೆ.