ವಿಜಿಎ ಟು ಎಚ್‌ಡಿಎಂಐ ಕನ್ವರ್ಟರ್: ಹಳೇ ಡೆಸ್ಕ್‌ಟಾಪ್, ಹೊಸ ಟಿವಿ, ಮೂರು ವರ್ಷದ ಬಳಕೆ

ಹಳೇ ಕಂಪ್ಯೂಟರ್‌ನ ವಿಜಿಎ ತೂತಿನಿಂದ ಬರುವ ಚಿತ್ರವನ್ನು ಹೊಸ ಟಿವಿಯ ಎಚ್‌ಡಿಎಂಐ ತೂತಿಗೆ ಹೊಂದುವಂತೆ ಬದಲಿಸುವ ಪುಟ್ಟ ಸಾಮಾನು ಇದು. ಮೊದಲು ತಕರಾರು. ಈ ಕನ್ವರ್ಟರ್‌ಗೆ ಕರೆಂಟ್ ಎಲ್ಲಿಂದ ಕೊಡಬೇಕು ಅನ್ನೋದನ್ನ ಡಬ್ಬಿಯ ಮೇಲೆ ಎಲ್ಲೂ ಬರೆದಿಲ್ಲ. ಇದರ ಯುಎಸ್‌ಬಿ ವೈರನ್ನು ಟಿವಿಯ ಹಿಂದಿನ ಯುಎಸ್‌ಬಿ ತೂತಿಗೆ ಹಚ್ಚುವವರೇ ಹೆಚ್ಚು. ಕೆಡುವುದು ಅಲ್ಲೇ. ಟಿವಿ ಬಂದ್ ಇದ್ದಾಗ ಬಹಳಷ್ಟು ಸೆಟ್‌ಗಳಲ್ಲಿ ಆ ತೂತಿನಲ್ಲಿ ಕರೆಂಟ್ ಇರೋದಿಲ್ಲ, ಕನ್ವರ್ಟರ್ ಸತ್ತು ಬಿದ್ದಿರುತ್ತದೆ. ಆ ಹೊತ್ತಿಗೆ ಕಂಪ್ಯೂಟರ್ ಚಾಲೂ ಮಾಡಿದರೆ, ಎದುರಿನ ಪರದೆ ಯಾವ ರೆಸಲ್ಯೂಶನ್ (ಚಿತ್ರದ ಅಡ್ಡ-ಉದ್ದ ಚುಕ್ಕೆಗಳ ಲೆಕ್ಕ) ತಾಳುತ್ತದೆ ಎಂದು ಹೇಳುವ ಇಡಿಐಡಿ ಮಾಹಿತಿ ಅದಕ್ಕೆ ಸಿಗುವುದಿಲ್ಲ. ವಿಂಡೋಸ್ 1024×768ಕ್ಕೆ ಇಳಿದು ಕೂರುತ್ತದೆ, ಟಿವಿ ಅದನ್ನೇ ಅಡ್ಡಡ್ಡ ಎಳೆಯುತ್ತದೆ, ಮುಖಗಳೆಲ್ಲ ಅಗಲ ಕಾಣುತ್ತವೆ. ಹುಬ್ಬಳ್ಳಿಯಲ್ಲಿ ಮಳೆಗಾಲದ ಸಂಜೆ ಕರೆಂಟ್ ಹೋಗಿ ಬಂದಾಗಲೆಲ್ಲ ಇದೇ ಗೋಳು.

ಪರಿಹಾರಕ್ಕೆ ಖರ್ಚಿಲ್ಲ. ವೈರನ್ನು ಟಿವಿಯಿಂದ ಕಿತ್ತು ಕಂಪ್ಯೂಟರ್‌ನ ಹಿಂದಿನ ಯುಎಸ್‌ಬಿಗೆ, ಇಲ್ಲವೇ 5 ವೋಲ್ಟಿನ ಹಳೇ ಮೊಬೈಲ್ ಚಾರ್ಜರ್‌ಗೆ ಹಚ್ಚಿ. ದಿನಾ ಮೊದಲು ಟಿವಿ ಚಾಲೂ ಮಾಡಿ, ರಿಮೋಟಿನ ಸೋರ್ಸ್ ಗುಂಡಿಯಿಂದ ಎಚ್‌ಡಿಎಂಐಗೆ ಬಂದು, ಆಮೇಲೆ ಕಂಪ್ಯೂಟರ್ ಚಾಲೂ ಮಾಡಬೇಕು. ಈ ಕ್ರಮ ಕೈಗೆ ರೂಢಿಯಾದರೆ ಸೆಟ್ಟಿಂಗ್ಸ್ ಕೆದಕುವ ಪ್ರಸಂಗವೇ ಬರೋದಿಲ್ಲ. ಇಷ್ಟನ್ನ ಡಬ್ಬಿಯ ಮೇಲೆ ಎರಡು ಸಾಲು ಅಚ್ಚು ಹಾಕಿದ್ದರೆ ಈ ಸಾಮಾನಿನ ಮೇಲಿನ ಅರ್ಧ ಸಿಟ್ಟು ಇರುತ್ತಿರಲಿಲ್ಲ.

ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಳ್ಳುವಾಗ ಬಾಯಿ ನೋಡಿ ಕೊಳ್ಳಿ. ನಮಗೆ ಬೇಕಾದದ್ದರಲ್ಲಿ ವಿಜಿಎ ಕಡೆ ಮುಳ್ಳಿನಂಥ ಪಿನ್ ಇರುತ್ತವೆ, ಎಚ್‌ಡಿಎಂಐ ಕಡೆ ತೂತು ಇರುತ್ತದೆ. ಉಲ್ಟಾ ಇದ್ದರೆ ಅದು ಎಚ್‌ಡಿಎಂಐನಿಂದ ವಿಜಿಎಗೆ ಹೋಗುವಂಥದ್ದು, ತಿರುಗಿಸಿ ಹಚ್ಚಿದರೆ ನಡೆಯೋದಿಲ್ಲ. ನಡುವೆ ಕನ್ವರ್ಟರ್ ಇಲ್ಲದ ಬರೀ ವೈರು ಕೊಟ್ಟು ‘ಇದನ್ನ ಹಚ್ಚಿದ್ರ ಸಾಕ್ರಿ, ಬರತೈತಿ’ ಅಂದರೆ ತಗೋಬೇಡಿ. ವಿಜಿಎ ಅನಲಾಗ್, ಎಚ್‌ಡಿಎಂಐ ಡಿಜಿಟಲ್, ನಡುವೆ ಚಿಪ್ ಇಲ್ಲದೆ ಚಿತ್ರ ಬರೋದಿಲ್ಲ. ಉದ್ದ ಬೇಕಾದರೆ ಎಚ್‌ಡಿಎಂಐ ವೈರನ್ನೇ ಉದ್ದ ಕೊಳ್ಳಿ, ವಿಜಿಎ ಎಕ್ಸ್‌ಟೆನ್ಶನ್ ಬೇಡ. ಅಗ್ಗದ ಎಕ್ಸ್‌ಟೆನ್ಶನ್‌ಗಳಲ್ಲಿ 12 ಮತ್ತು 15ನೇ ಪಿನ್ನಿಗೆ ತಂತಿಯೇ ಇಲ್ಲದ್ದು ಉಂಟು. ಇಡಿಐಡಿ ಹೋಗುವುದೇ ಆ ಎರಡರಲ್ಲಿ.

ಇನ್ನು ಅಂಚು ಕತ್ತರಿಸುವ ಕಾಟ. ಟಾಸ್ಕ್‌ಬಾರ್ ಅರ್ಧ ಮಾಯ, ಸ್ಟಾರ್ಟ್ ಗುಂಡಿ ಕಾಣೋದಿಲ್ಲ. ಇದಕ್ಕೆ ಎಲ್ಲರೂ ಕನ್ವರ್ಟರನ್ನೇ ಬೈಯುತ್ತಾರೆ, ಆದರೆ ಬಹುತೇಕ ತಪ್ಪು ಟಿವಿಯದು. ಡಬ್ಬಾ ಟಿವಿಯ ಕಾಲದಿಂದ ಬಂದ ಓವರ್‌ಸ್ಕ್ಯಾನ್ ರೂಢಿ, ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ನಾಲ್ಕೂ ಅಂಚು ಮರೆ ಮಾಡುತ್ತದೆ. ಟಿವಿಯ ಪಿಕ್ಚರ್ ಸೈಜ್ ಮೆನುವಿಗೆ ಹೋಗಿ ಎಲ್‌ಜಿಯಲ್ಲಿ ಜಸ್ಟ್ ಸ್ಕ್ಯಾನ್, ಸ್ಯಾಮ್‌ಸಂಗ್‌ನಲ್ಲಿ ಸ್ಕ್ರೀನ್ ಫಿಟ್, ಸೋನಿಯಲ್ಲಿ ಫುಲ್ ಪಿಕ್ಸೆಲ್ ಹುಡುಕಿ. ಒಮ್ಮೆ ಒತ್ತಿದರೆ ನಾಲ್ಕೂ ಮೂಲೆ ವಾಪಸ್ ಬರುತ್ತವೆ. ಅದಕ್ಕೂ ಬರದೆ ಚಿತ್ರ ಒಂದು ಬದಿಗೆ ಸರಿದಿದ್ದರೆ ಮಾತ್ರ ಕನ್ವರ್ಟರ್ ಕಡೆ ಬೆರಳು ತೋರಿಸಿ.

ಇಷ್ಟೆಲ್ಲ ಆದ ಮೇಲೆ ಈ ಪುಟ್ಟ ಡಬ್ಬಿಯ ಮೇಲೆ ಪ್ರೀತಿ ಹುಟ್ಟುವುದು ಅಕ್ಷರ ಓದುವಾಗ. ಪರೀಕ್ಷೆಗೆ ನೋಟ್‌ಪ್ಯಾಡ್‌ನಲ್ಲಿ ‘ಜ್ಯೋತ್ಸ್ನಾ’, ‘ಲಕ್ಷ್ಮಿ’, ‘ಅರ್ಕ’ ಎಂದು ಬರೆದು ಆರಡಿ ದೂರದಿಂದ ನೋಡಿ. ಇಂಗ್ಲಿಷ್ ಅಕ್ಷರ ಚೆನ್ನಾಗಿ ಕಂಡರೂ ನಮ್ಮ ಒತ್ತಕ್ಷರ ಕಲಸಿ ಹೋಗಿದ್ದರೆ ಚಿತ್ರ ಇನ್ನೂ ಸರಿಯಿಲ್ಲ ಎಂದೇ ಅರ್ಥ. ಫುಲ್ ಎಚ್‌ಡಿ ಟಿವಿಗೆ 1920×1080, 60 ಹರ್ಟ್ಸ್ ಇಡಿ. ವಿಂಡೋಸ್‌ನಲ್ಲಿ ಸ್ಕೇಲ್ 125 ಅಥವಾ 150 ಪ್ರತಿಶತ ಮಾಡಿ. ಟಿವಿಯ ಶಾರ್ಪ್‌ನೆಸ್ ಸೊನ್ನೆಯ ಹತ್ತಿರ ಇಳಿಸಿ, ಅಕ್ಷರದ ಸುತ್ತಲಿನ ಬಿಳಿ ಗೆರೆ ಹೋಗುತ್ತದೆ. ಸೋರ್ಸ್ ಪಟ್ಟಿಯಲ್ಲಿ ಆ ಎಚ್‌ಡಿಎಂಐ ಹೆಸರನ್ನು ಪಿಸಿ ಎಂದು ಬದಲಿಸಲು ಬಂದರೆ ಬದಲಿಸಿ, ಕೆಂಪು ಅಕ್ಷರದ ಅಂಚು ಸೋರುವುದು ನಿಲ್ಲುತ್ತದೆ. 32 ಇಂಚಿನ ಎಚ್‌ಡಿ ರೆಡಿ ಟಿವಿಯಲ್ಲಿ ಮಾತ್ರ ಪೂರ್ತಿ ಚೊಕ್ಕ ಆಗೋದು ಕಷ್ಟ. ಅದರ ಗಾಜು 1366×768, ಬರುವ ಚಿತ್ರ 1280×720 ಅಥವಾ 1920×1080, ಹಿಗ್ಗಿಸುವುದೋ ಕುಗ್ಗಿಸುವುದೋ ಆಗೇ ಆಗುತ್ತದೆ. ಸಿನಿಮಾಕ್ಕೆ ಅಡ್ಡಿಯಿಲ್ಲ, ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್ ಮಾಡಲು ಕಣ್ಣಿಗೆ ತ್ರಾಸು.

ಧ್ವನಿಗೆ ಕಂಪ್ಯೂಟರ್‌ನ ಹಸಿರು ತೂತಿನಿಂದ ಕನ್ವರ್ಟರ್‌ಗೆ 3.5 ಎಂಎಂ ವೈರು ಬೇಕು, ವಿಜಿಎಯಲ್ಲಿ ಧ್ವನಿ ಹರಿಯೋದಿಲ್ಲ. ಕಂಪ್ಯೂಟರ್‌ನ ವಾಲ್ಯೂಮ್ 80ಕ್ಕೆ ನಿಲ್ಲಿಸಿ, ಉಳಿದದ್ದು ರಿಮೋಟಿನಿಂದ. ಗುಂಯ್ ಎನ್ನುವ ಸದ್ದು ಬಂದರೆ ಟಿವಿಯ ಕೇಬಲ್ ವೈರನ್ನು ಕಿತ್ತು ನೋಡಿ. ಸದ್ದು ನಿಂತರೆ ಅರ್ಥಿಂಗ್ ವ್ಯತ್ಯಾಸ ಅಂತ ತಿಳಿಯಿರಿ.

ಐನೂರು ರೂಪಾಯಿಯೊಳಗೆ ಬರೀ ವಿಜಿಎ ಇರುವ ಯಂತ್ರಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ, ಐದರಲ್ಲಿ ನಾಲ್ಕು ಕೊಡುತ್ತೇನೆ. ಆದರೆ ಕೊಳ್ಳುವ ಮುಂಚೆ ಕಂಪ್ಯೂಟರ್‌ನ ಬೆನ್ನು ಒಮ್ಮೆ ನೋಡಿ. ಬಿಳಿ ಡಿವಿಐ ತೂತು (ಚಿತ್ರ ಕಳಿಸುವ ಇನ್ನೊಂದು ಬಗೆಯ ತೂತು) ಇದ್ದರೆ ಅದರಿಂದ ಬರುವುದು ಬಹುತೇಕ ಡಿಜಿಟಲ್ ಚಿತ್ರವೇ, ಸಾದಾ ಡಿವಿಐ–ಎಚ್‌ಡಿಎಂಐ ವೈರು ಸಾಕು. ಅದಕ್ಕೆ ಯುಎಸ್‌ಬಿ ಬಾಲವೂ ಬೇಡ.