ಕಾಲಿನ ರಕ್ತನಾಳದ ಸ್ಕ್ಯಾನ್: ಬೆಂಗಳೂರಿನಲ್ಲಿ ಯಾವುದಕ್ಕೆ ದುಡ್ಡು ಕೊಡಬೇಕು?

ಲಾಲ್‌ಬಾಗ್‌ನಲ್ಲಿ ಅರ್ಧ ಸುತ್ತು ನಡೆಯುವಷ್ಟರಲ್ಲಿ ಮೀನಖಂಡ ಹಿಡಿದುಕೊಂಡು, ಎರಡು ನಿಮಿಷ ನಿಂತರೆ ಬಿಡುತ್ತದೆ ಎಂದರೆ ಕಾಲಿನ ಅಪಧಮನಿ ಕಿರಿದಾಗಿರುವ ಶಂಕೆ. ಆಗ ನೇರವಾಗಿ ಸಿಟಿ ಆಂಜಿಯೋ (ಡೈ ಚುಚ್ಚಿ ಸಿಟಿ ಸ್ಕ್ಯಾನ್‌ನಲ್ಲಿ ತೆಗೆಯುವ ರಕ್ತನಾಳದ ಚಿತ್ರ) ಬುಕ್ ಮಾಡಬೇಡಿ. ಮೊದಲು ಎಬಿಐ, ಅಂದರೆ ಕಣಕಾಲಿನ ಬಿ.ಪಿ.ಯನ್ನು ತೋಳಿನ ಬಿ.ಪಿ.ಯಿಂದ ಭಾಗಿಸಿದ ಸಂಖ್ಯೆ. 0.90 ಅಥವಾ ಅದಕ್ಕೂ ಕೆಳಗಿದ್ದರೆ ಕಾಯಿಲೆ ಇದೆ ಎಂದೇ ಲೆಕ್ಕ. 1.40 ದಾಟಿದರೂ ನೆಮ್ಮದಿ ಬೇಡ: ಸಕ್ಕರೆ, ಕಿಡ್ನಿ ಕಾಯಿಲೆಯವರ ನಾಳಕ್ಕೆ ಕ್ಯಾಲ್ಸಿಯಂ ಕಟ್ಟಿ, ಬಿ.ಪಿ. ಪಟ್ಟಿ ಎಷ್ಟು ಬಿಗಿದರೂ ನಾಳ ಅದುಮಿಕೊಳ್ಳುವುದಿಲ್ಲ, ಸಂಖ್ಯೆ ಸುಳ್ಳೇ ಏರುತ್ತದೆ. ಅವರಿಗೆ ಕಾಲಿನ ಹೆಬ್ಬೆರಳಿನ ಒತ್ತಡ ಅಳೆಯಬೇಕು.

ಚಿತ್ರ ಬೇಕೆಂದಾಗ ನಮ್ಮ ಮೊದಲ ಆಯ್ಕೆ ಡಾಪ್ಲರ್, ಅಂದರೆ ರಕ್ತದ ಹರಿವು ತೋರಿಸುವ ಅಲ್ಟ್ರಾಸೌಂಡ್. ವಿಕಿರಣವಿಲ್ಲ, ಡೈ ಇಲ್ಲ. ಬುಕ್ ಮಾಡುವಾಗ ‘ಆರ್ಟೀರಿಯಲ್ (ಅಪಧಮನಿಯ) ಡಾಪ್ಲರ್, ಎರಡೂ ಕಾಲು’ ಎಂದು ಬಿಡಿಸಿ ಹೇಳಿ. ಬರೀ ‘ಕಾಲಿನ ಡಾಪ್ಲರ್’ ಎಂದರೆ ವೆರಿಕೋಸ್ ವೇನ್‌ಗೆ (ಉಬ್ಬಿದ ಅಭಿಧಮನಿಗೆ) ಮಾಡುವ ವೀನಸ್ ಡಾಪ್ಲರ್ ಮಾಡಿ ಕಳಿಸುವುದುಂಟು. ಆರು ಗಂಟೆ ಹೊಟ್ಟೆ ಖಾಲಿ ಇರಲಿ, ಇಲ್ಲದಿದ್ದರೆ ಗ್ಯಾಸ್ ಅಡ್ಡ ಬಂದು ಕಾಲಿಗೆ ರಕ್ತ ಒಯ್ಯುವ, ಸೊಂಟದೊಳಗಿನ ಇಲಿಯಾಕ್ ನಾಳ ಕಾಣುವುದಿಲ್ಲ. ಎರಡು ಕಾಲಿಗೆ ಮುಕ್ಕಾಲು ಗಂಟೆಯಾದರೂ ಹಿಡಿಯುತ್ತದೆ. ಹತ್ತೇ ನಿಮಿಷದಲ್ಲಿ ಎಬ್ಬಿಸಿ ಕಳಿಸಿದರೆ ಮೊಣಕಾಲಿನ ಕೆಳಗಿನ ಮೂರು ನಾಳಗಳನ್ನು ಸರಿಯಾಗಿ ನೋಡಿರಲಾರರು. ರಿಪೋರ್ಟಿನಲ್ಲಿ ‘ಸ್ವಲ್ಪ ಕೊಬ್ಬು ಕಟ್ಟಿದೆ’ ಎಂದಷ್ಟೇ ಇದ್ದರೆ ಅದು ಯಾರಿಗೂ ಉಪಯೋಗವಿಲ್ಲ. ಒಂದೊಂದು ನಾಳದಲ್ಲಿ ರಕ್ತ ಹರಿಯುವ ವೇಗ, ಆ ಹರಿವಿನ ಅಲೆಯ ಆಕಾರ ಬರೆದಿರಬೇಕು. ಕಿರಿದಾದ ಜಾಗದ ವೇಗ ಅದರ ಮೇಲಿನ ಭಾಗದ ವೇಗಕ್ಕಿಂತ ಎರಡು ಪಟ್ಟು ದಾಟಿದರೆ ಅರ್ಧಕ್ಕಿಂತ ಹೆಚ್ಚು ಮುಚ್ಚಿದೆ ಎಂದರ್ಥ. ಇಷ್ಟೆಲ್ಲ ಪ್ರೋಬ್ (ಚರ್ಮದ ಮೇಲೆ ಆಡಿಸುವ ಉಪಕರಣ) ಹಿಡಿದ ಕೈಯನ್ನು ಅವಲಂಬಿಸಿದೆ. ಹಾಗಾಗಿ ಮಷಿನ್ ಎಷ್ಟು ಹೊಸದು ಎಂಬುದಕ್ಕಿಂತ ಇಲ್ಲಿ ರಕ್ತನಾಳದ ಕೆಲಸ ದಿನಾ ನಡೆಯುತ್ತದೆಯೇ ಎಂದು ಕೇಳಿ. ವಸಂತನಗರದ ಜೈನ್ ಆಸ್ಪತ್ರೆಯಲ್ಲಿ ಇದಕ್ಕೆಂದೇ ವಾಸ್ಕ್ಯುಲರ್ ಸಂಸ್ಥೆ ಇದೆ.

ಸಿಟಿ ಆಂಜಿಯೋ ಬೇಕಾಗುವುದು ಸ್ಟೆಂಟ್ ಅಥವಾ ಬೈಪಾಸ್ ಯೋಜನೆಗೆ. ಹೊಟ್ಟೆಯಿಂದ ಪಾದದವರೆಗಿನ ನಕ್ಷೆ ಕೆಲವೇ ನಿಮಿಷಗಳಲ್ಲಿ ಕೈಗೆ ಬರುತ್ತದೆ. ಸುಮಾರು 100 ಮಿ.ಲೀ. ಅಯೋಡಿನ್ ಡೈ ಹೋಗುವುದರಿಂದ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ) ರಿಪೋರ್ಟ್ ಇಲ್ಲದೆ ಟೇಬಲ್ ಹತ್ತಬೇಡಿ. ಸಕ್ಕರೆ ಕಾಯಿಲೆಯ ಮಾತ್ರೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಮೊದಲೇ ತಿಳಿಸಿ. ಮೊಣಕಾಲಿನ ಕೆಳಗೆ ಇದರ ದೌರ್ಬಲ್ಯ ಹೊರಬೀಳುತ್ತದೆ: ಸಣ್ಣ ನಾಳದ ಕ್ಯಾಲ್ಸಿಯಂ ಚಿತ್ರದಲ್ಲಿ ಉಬ್ಬಿಕೊಂಡು, ತೆರೆದಿರುವ ನಾಳವೂ ಮುಚ್ಚಿದಂತೆ ತೋರುತ್ತದೆ. ಸಕ್ಕರೆ ಕಾಯಿಲೆಯವರ ತೊಂದರೆ ಇರುವುದೇ ಹೆಚ್ಚಾಗಿ ಅಲ್ಲಿ.

ಎಂಆರ್‌ಐ ಯಂತ್ರದಲ್ಲಿ ಮಾಡುವ ಎಂಆರ್ ಆಂಜಿಯೋಗೆ ಕ್ಯಾಲ್ಸಿಯಂ ಅಡ್ಡಿಯಲ್ಲ. ಆದರೆ ಲೋಹದ ಸ್ಟೆಂಟ್ ಇದ್ದ ಕಡೆ ಕಪ್ಪು ಖಾಲಿ ಕಾಣುತ್ತದೆ, ಪೇಸ್‌ಮೇಕರ್ ಇದ್ದರೆ ಮೊದಲೇ ವಿಚಾರಿಸಬೇಕು, ಕಿಡ್ನಿ ತೀರಾ ಸೋತಿದ್ದರೆ ಇದರಲ್ಲಿ ಬಳಸುವ ಡೈ ಗಡೋಲಿನಿಯಂ ಬಗ್ಗೆಯೂ ಎಚ್ಚರ ಬೇಕು. ತೊಡೆಸಂದಿನಲ್ಲಿ ಸೂಜಿ ಚುಚ್ಚಿ, ನಾಳದೊಳಗೇ ಡೈ ಬಿಟ್ಟು ಎಕ್ಸ್-ರೇ ತೆಗೆಯುವ ಡಿಎಸ್ಎಯನ್ನು ಬರೀ ನೋಡುವುದಕ್ಕಾಗಿ ಒಪ್ಪಬೇಡಿ, ಅದೇ ಸಿಟಿಂಗ್‌ನಲ್ಲಿ ಬಲೂನ್ ಹಾಕಿ ನಾಳ ಅಗಲಿಸುವ ಯೋಜನೆ ಇದ್ದರೆ ಸರಿ.

ಸಿಟಿಯಾಗಲಿ ಎಂಆರ್ ಆಗಲಿ, ಫಿಲ್ಮ್ ಜೊತೆ ಪೂರ್ತಿ ಚಿತ್ರಗಳ ಸಿ.ಡಿ.ಯನ್ನು ಕೇಳಿ ಪಡೆಯಿರಿ. ಸರ್ಜನ್ ನೋಡುವುದು ಅದನ್ನೇ.

ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡರೆ ಸ್ಕ್ಯಾನ್ ಸೆಂಟರ್ ಹುಡುಕಬೇಡಿ, ನೇರ ರಕ್ತನಾಳದ ಸರ್ಜನ್ ಇರುವ ಎಮರ್ಜೆನ್ಸಿಗೆ ಹೋಗಿ. ಕಾಲು ಉಳಿಸಲು ಸಿಗುವುದು ಕೆಲವೇ ಗಂಟೆ.