ತಲಪಾಡಿ ದಾಟುವ ಮುಂಚೆ ಲೈಸೆನ್ಸ್ ನೋಡಿ

ಕಾಸರಗೋಡಿನ ಕಡೆ ಕಾರ್ಯಕ್ರಮ ಮಾಡುವ ಕನ್ನಡ ಸಂಘದವರು, ದೇವಸ್ಥಾನದ ಸಮಿತಿಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ದೊಡ್ಡ ಅತಿಥಿ ಬರುತ್ತಾರೆ ಅಂತ ಮಂಗಳೂರಿನಿಂದ ಖಾಸಗಿ ಸೆಕ್ಯುರಿಟಿ ಕರೆಸುವ ಯೋಚನೆ ಇದ್ದರಂತೂ ಖಂಡಿತ ಓದಿ.

ಕಳೆದ ಡಿಸೆಂಬರಿನಲ್ಲಿ ಬದಿಯಡ್ಕದ ಹತ್ತಿರ ನಮ್ಮ ಸಂಘದ ವಾರ್ಷಿಕೋತ್ಸವ ಇತ್ತು. ಬೆಂಗಳೂರಿನಿಂದ ಒಬ್ಬ ಸಿನಿಮಾ ನಟರು ಬರಲು ಒಪ್ಪಿದ್ದರು. ಹೆಸರು ಬೇಡ, ಅವರದ್ದು ಒಂದು ಚೂರೂ ತಪ್ಪಿಲ್ಲ. ವಿಮಾನದಲ್ಲಿ ಮಂಗಳೂರಿಗೆ ಬಂದು, ಅಲ್ಲಿಂದ ಕಾರಿನಲ್ಲಿ ಮಧೂರಿಗೆ ಹೋಗಿ ಗಣಪತಿ ದರ್ಶನ ಮಾಡುವುದು, ಸಂಜೆ ಸಭೆ, ರಾತ್ರಿಯೇ ವಾಪಸ್. ಜನ ಜಾಸ್ತಿ ಸೇರುತ್ತಾರೆ ಅಂತ ಗೊತ್ತಿತ್ತು. ಯಾರದೋ ಪರಿಚಯದಿಂದ ಮಂಗಳೂರಿನ ಒಂದು ಏಜೆನ್ಸಿ ಸಿಕ್ಕಿತು. ಆರು ಬೌನ್ಸರ್, ಒಬ್ಬ ಗನ್‌ಮ್ಯಾನ್, ಒಬ್ಬ ಸೂಪರ್‌ವೈಸರ್, ಒಟ್ಟು 85,000 ರೂಪಾಯಿ. 50,000 ಅಡ್ವಾನ್ಸ್ ಕೊಟ್ಟೆವು. ವ್ಯವಹಾರ ನೋಡಿಕೊಂಡವನು ನಾನೇ. ಲೈಸೆನ್ಸ್ ತೋರಿಸಿ ಅಂತ ಒಂದು ಮಾತು ಕೇಳಲಿಲ್ಲ. ವಾಟ್ಸಾಪ್‌ನಲ್ಲಿ ಬಂದ ಫೋಟೋಗಳನ್ನು ನೋಡಿ ನಂಬಿದೆ.

ಮೊದಲ ಪೆಟ್ಟು ಬಿದ್ದದ್ದು ಕರ್ನಾಟಕ-ಕೇರಳ ಗಡಿಯ ತಲಪಾಡಿಯಲ್ಲಿ. ಟೋಲ್ ದಾಟಿದ ಮೇಲೆ ಮುಂದಿನ ಕಾರು ಪಕ್ಕಕ್ಕೆ ನಿಂತಿತು. ಗನ್‌ಮ್ಯಾನ್ ಇಳಿದ. ಕೋವಿಯ ಉದ್ದ ಚೀಲ ಹೆಗಲಿಗೆ ಹಾಕಿಕೊಂಡು ರಸ್ತೆಯ ಆಚೆ ಬದಿಗೆ ನಡೆದ. ನಾನು ಹಿಂದಿನ ಕಾರಿನಿಂದ ಇಳಿದು ಓಡಿ ಹೋಗಿ ಕೇಳಿದೆ. "ಸಾರ್, ನನ್ನ ಕೋವಿಯ ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ. ಗಡಿ ದಾಟಿದರೆ ಕೇಸಾಗ್ತದೆ. ಏಜೆನ್ಸಿಯವರಿಗೆ ಮೊದಲೇ ಹೇಳಿದ್ದೆ" ಅಂದ. ಮಂಗಳೂರಿಗೆ ಬಸ್ಸು ಹಿಡಿದು ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಕೋವಿಯ ಪರವಾನಗಿ ಯಾವ ಪ್ರದೇಶಕ್ಕೆ ಅನ್ನುವುದು ಅದರಲ್ಲೇ ಬರೆದಿರುತ್ತದೆ. ಅದನ್ನು ಓದಿದ್ದವನು ಆ ತಂಡದಲ್ಲಿ ಅವನೊಬ್ಬನೇ.

ಕೋವಿಯದ್ದು ಮಾತ್ರ ಅಲ್ಲ, ಏಜೆನ್ಸಿಯ ಲೈಸೆನ್ಸಿಗೂ ಗಡಿ ಇದೆ. ಖಾಸಗಿ ಸೆಕ್ಯುರಿಟಿ ಏಜೆನ್ಸಿಗಳಿಗೆ 2005ರ ಕೇಂದ್ರ ಕಾಯ್ದೆ ಇದೆ, ಅದರ ಇಂಗ್ಲಿಷ್ ಹೆಸರನ್ನು ಚಿಕ್ಕದು ಮಾಡಿ ಎಲ್ಲರೂ ಪಸಾರಾ ಅನ್ನುತ್ತಾರೆ. ಲೈಸೆನ್ಸ್ ಕೊಡುವುದು ಆಯಾ ರಾಜ್ಯ. ಕರ್ನಾಟಕದ್ದು ಇದ್ದರೆ ಕೇರಳದಲ್ಲಿ ನಡೆಯುವುದಿಲ್ಲ, ಇಲ್ಲಿಗೆ ಬೇರೆಯೇ ಬೇಕು. ಕಟ್ಟಡ ಕಾಯುವವರಿಗಷ್ಟೇ ಈ ಕಾಯ್ದೆ ಅಂತ ನಾನು ಅಂದುಕೊಂಡಿದ್ದೆ. ಅಲ್ಲ, ವ್ಯಕ್ತಿಗೆ ಕಾವಲು ನಿಲ್ಲುವವರಿಗೂ ಅದೇ. ಗಾರ್ಡ್ ಆಗುವವರಿಗೆ 100 ಗಂಟೆ ತರಗತಿ, 60 ಗಂಟೆ ಹೊರಗಿನ ತರಬೇತಿ ಆಗಿರಬೇಕು ಅಂತ ಕೇಂದ್ರದ ಮಾದರಿ ನಿಯಮ ಹೇಳುತ್ತದೆ. ನಮಗೆ ಬಂದ ಹುಡುಗರು ಜಿಮ್ಮಿನಿಂದ ಆ ದಿನದ ಕೂಲಿಗೆ ಬಂದವರು. ಊಟದ ಹೊತ್ತಿಗೆ ಅವರೇ ಹೇಳಿದರು.

ಮಧೂರಿನಲ್ಲಿ ಹೇಗೋ ಮುಗಿಯಿತು. ದೇವಸ್ಥಾನದವರೇ ಸಾಲು ಮಾಡಿಸಿದರು.

ಸಭೆ ಶಾಲೆಯ ಮೈದಾನದಲ್ಲಿ. ಅದಕ್ಕೆ ಇರುವುದು ಒಂದೇ ಗೇಟು. ಏಜೆನ್ಸಿಯವರು ಹಿಂದಿನ ದಿನ ಬಂದು ಜಾಗ ನೋಡಬೇಕಿತ್ತು, ಬರಲಿಲ್ಲ. ಅತಿಥಿಯ ಕಾರನ್ನು ವೇದಿಕೆಯ ಪಕ್ಕ ಗೋಡೆಗೆ ಮೂತಿ ಹಾಕಿ ನಿಲ್ಲಿಸಿದ್ದರು. ಹೊರಡುವಾಗ ಅದನ್ನು ತಿರುಗಿಸಬೇಕು, ಸುತ್ತ ಜನ ಮುತ್ತಿಕೊಂಡಿದ್ದಾರೆ. ಬೌನ್ಸರುಗಳಿಗೆ ಕನ್ನಡ ಬರುತ್ತಿರಲಿಲ್ಲ, ತುಳು, ಮಲಯಾಳವೂ ಇಲ್ಲ. "ಸ್ವಲ್ಪ ಹಿಂದೆ ಹೋಗಿ" ಅಂತ ಹೇಳಲು ಬಾರದೆ ಎರಡೂ ಕೈಯಲ್ಲಿ ತಳ್ಳಲು ಶುರು ಮಾಡಿದರು.

ನಮ್ಮ ಪಕ್ಕದ ಮನೆಯ ಅಜ್ಜಿ ಮುಂದೆಯೇ ಇದ್ದರು. ಎಪ್ಪತ್ತು ದಾಟಿದವರು, ಬೀಡಿ ಕಟ್ಟಿ ಜೀವನ ಮಾಡುವವರು. ನಟರಿಗೆ ಕೊಡಬೇಕು ಅಂತ ಮನೆಯಲ್ಲೇ ಸುಟ್ಟು ಸುಲಿದ ಗೇರುಬೀಜ ಒಂದು ಡಬ್ಬಿಯಲ್ಲಿ ತಂದಿದ್ದರು. ತಳ್ಳಿದ ರಭಸಕ್ಕೆ ಕೈ ಊರಿ ಬಿದ್ದರು. ಡಬ್ಬಿಯ ಮುಚ್ಚಳ ಹಾರಿ ಗೇರುಬೀಜ ಎಲ್ಲ ಕೆಂಪು ಮಣ್ಣಿನಲ್ಲಿ ಚೆಲ್ಲಿತು. ಜನರ ಕಾಲಡಿ ಅವು ಪುಡಿಯಾಗುತ್ತಿದ್ದ ಸದ್ದು ನನಗೆ ಇನ್ನೂ ಮರೆತಿಲ್ಲ. ಅಜ್ಜಿಯ ಬಲಗೈ ಮಣಿಕಟ್ಟು ಮುರಿದಿತ್ತು.

ಸೂಪರ್‌ವೈಸರಿನ ಕೈಯಲ್ಲಿ ಒಂದು ಪ್ಲ್ಯಾನ್ ಹಾಳೆ ಇತ್ತು. ಹತ್ತಿರದ ಆಸ್ಪತ್ರೆ ಅಂತ ಅದರಲ್ಲಿ ಬರೆದದ್ದು ಮಂಗಳೂರಿನದ್ದು! ಬದಿಯಡ್ಕದಿಂದ ಮಂಗಳೂರಿಗೆ ಎಷ್ಟು ಹೊತ್ತು ಬೇಕು ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ. ನಾವೇ ಅಜ್ಜಿಯನ್ನು ಜೀಪಿನಲ್ಲಿ ಕಾಸರಗೋಡಿಗೆ ಕರೆದುಕೊಂಡು ಹೋದೆವು. ಅಜ್ಜಿಗೆ ಹೀಗಾದರೆ, ಆ ನಟರಿಗೇ ಎದೆನೋವು ಬಂದಿದ್ದರೆ ಏನು ಮಾಡುತ್ತಿದ್ದರು?

ಪೊಲೀಸರು ಬಂದವರು ಮೊದಲು ನೋಡಿದ್ದು ಸೂಪರ್‌ವೈಸರಿನ ಬಟ್ಟೆ. ಖಾಕಿ, ಭುಜಕ್ಕೆ ನಕ್ಷತ್ರ. ಪೊಲೀಸರ ಅಥವಾ ಸೇನೆಯ ಸಮವಸ್ತ್ರದ ಹಾಗೆ ಕಾಣುವ ಬಟ್ಟೆ ಹಾಕಿದರೆ ಗಾರ್ಡಿಗೂ ಏಜೆನ್ಸಿಯ ಮಾಲೀಕನಿಗೂ ಒಂದು ವರ್ಷದವರೆಗೆ ಜೈಲು ಆಗಬಹುದು ಅಂತ ಅದೇ ಕಾಯ್ದೆಯಲ್ಲಿದೆ. ಆಮೇಲೆ ಲೈಸೆನ್ಸ್ ಕೇಳಿದರು, ಇರಲಿಲ್ಲ. ಫೋಟೋ ಇರುವ ಗುರುತಿನ ಚೀಟಿ ಕೇಳಿದರು, ಒಬ್ಬನ ಹತ್ತಿರವೂ ಇಲ್ಲ. ಕೊನೆಗೆ ಹೇಳಿಕೆ ಬರೆದುಕೊಟ್ಟವರು ಸಮಿತಿಯವರು. ಏಜೆನ್ಸಿಯವರ ಫೋನ್ ಆ ರಾತ್ರಿಯಿಂದ ಸ್ವಿಚ್ ಆಫ್.

ನಮ್ಮ ತಪ್ಪೂ ಇದೆ, ಮುಚ್ಚಿಡುವುದಿಲ್ಲ. ಠಾಣೆಗೆ ಕೊಟ್ಟದ್ದು ಮೈಕಿನ ಅರ್ಜಿ ಮಾತ್ರ. ಯಾರು ಬರುತ್ತಾರೆ, ಎಷ್ಟು ಜನ ಸೇರಬಹುದು ಅಂತ ತಿಳಿಸಿರಲಿಲ್ಲ. "ಒಂದು ವಾರ ಮುಂಚೆ ಹೇಳಿದ್ದರೆ ನಾವೇ ನಾಲ್ಕು ಜನ ಕಳಿಸುತ್ತಿದ್ದೆವು" ಅಂತ ಅಲ್ಲಿಯವರೇ ಅಂದರು. ಇನ್ನೊಂದು, ಅತಿಥಿಯ ವಿಮಾನದ ಹೊತ್ತು, ಕಾರಿನ ನಂಬರು ಎಲ್ಲ ಬೆಳಿಗ್ಗೆಯೇ ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತ್ತು. ಹಾಕಿದ್ದು ನಮ್ಮ ಸಮಿತಿಯ ಹುಡುಗರೇ. ಉಪ್ಪಳದಲ್ಲಿ, ಕುಂಬಳೆಯಲ್ಲಿ ಜನ ರಸ್ತೆಗೆ ಬಂದು ಕಾರು ನಿಲ್ಲಿಸಿದ್ದು ಅದರಿಂದಲೇ. ಹೊತ್ತು ಮತ್ತು ದಾರಿ ಮೂರು ನಾಲ್ಕು ಜನರಿಗೆ ಬಿಟ್ಟು ಬೇರೆಯವರಿಗೆ ಗೊತ್ತಾಗಲೇಬಾರದು.

ಯಾರನ್ನಾದರೂ ಗೊತ್ತು ಮಾಡುವುದಿದ್ದರೆ ಕೇರಳದ ಲೈಸೆನ್ಸಿನ ಪ್ರತಿ ಕೈಗೆ ಬರುವವರೆಗೆ ಒಂದು ರೂಪಾಯಿ ಕೊಡಬೇಡಿ. ಬರುವವರ ಹೆಸರು, ಗುರುತಿನ ಚೀಟಿ ಮೊದಲೇ ತರಿಸಿಕೊಳ್ಳಿ. ಹಿಂದಿನ ದಿನ, ಅದೇ ಹೊತ್ತಿಗೆ, ಅವರ ಜೊತೆ ಮೈದಾನಕ್ಕೆ ಒಂದು ಸುತ್ತು ಬನ್ನಿ. ಕಾರು ಎಲ್ಲಿ, ಯಾವ ಕಡೆ ಮುಖ ಮಾಡಿ ನಿಲ್ಲಬೇಕು, ಇನ್ನೊಂದು ದಾರಿ ಯಾವುದು ಅಂತ ಅಲ್ಲೇ ನಿಂತು ಕೇಳಿ. ಗೋಡೆ ಒಡೆದು ಎರಡನೇ ಗೇಟು ಮಾಡಲು ಆಗದಿದ್ದರೆ ಜಾಗವನ್ನೇ ಬದಲಿಸಿ. ಜನರ ಎದುರು ನಿಲ್ಲಲು ಊರಿನ ಭಾಷೆ ಬರುವವರೇ ಇರಲಿ, ನಮ್ಮ ಶಾಲೆಯ ಮಾಷ್ಟ್ರು ಒಬ್ಬರು ನಿಂತಿದ್ದರೂ ಸಾಕಿತ್ತು.

ಅಜ್ಜಿಯ ಪ್ಲಾಸ್ಟರ್ ತೆಗೆದಿದ್ದಾರೆ. ಬೆರಳು ಮಡಚಲು ಇನ್ನೂ ಬರುವುದಿಲ್ಲ, ಬೀಡಿ ಕಟ್ಟುವುದು ನಿಂತಿದೆ. ವಾರ ವಾರ ಸಂಘದಿಂದ ಅಷ್ಟು ದುಡ್ಡು ಕೊಡುತ್ತಿದ್ದೇವೆ. ಠಾಣೆಗೆ ಕೊಡಬೇಕಾದ ಅರ್ಜಿಯನ್ನು ಈಗ ಸರಿಯಾಗಿ ಬರೆಸಿ ಇಟ್ಟುಕೊಂಡಿದ್ದೇನೆ. ಬೇಕಾದವರು ಕೇಳಿ, ಕಳಿಸುತ್ತೇನೆ.